ಆಟದ ಬಂಡಿಗಳ ಜಮಾ-ಖರ್ಚು: ಕಾರ್ಟ್ ಪಂದ್ಯದ ಪಟ್ಟಿಗಳನ್ನು ಓದುವ ಬಗೆ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಟಿ.ವಿ. ಪರದೆಯು ಧಾರಾವಾಹಿ ಮತ್ತು ಕ್ರಿಕೆಟ್ಟಿಗೆ ಮಾತ್ರ ಮೀಸಲಾಗಿದ್ದ ಕಾಲ ಹಿಂದೆ ಸರಿದಿದೆ. ರಜೆಯ ದಿನಗಳಲ್ಲಿ ಅದರ ಮುಂದೆ ಮಕ್ಕಳು, ಮೊಮ್ಮಕ್ಕಳು ಸಾಲಾಗಿ ಕುಳಿತು ಪುಟ್ಟ ಪುಟ್ಟ ಬಂಡಿಗಳನ್ನು ಓಡಿಸುತ್ತಾರೆ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರುವವರು, ಆಮೆಯ ಚಿಪ್ಪನ್ನು ಎಸೆಯುವವರು, ಅಣಬೆಯನ್ನು ಬಳಸಿ ಮುನ್ನುಗ್ಗುವವರು ಎಲ್ಲರೂ ಅಲ್ಲಿದ್ದಾರೆ. ಹಿರಿಯರಾದ ನಮಗೆ ಇದೆಲ್ಲ ಬರಿಯ ಗದ್ದಲವೆಂದು ತೋರುವುದು ಸಹಜವೇ. ಆದರೆ ಪಂದ್ಯ ಆರಂಭವಾಗುವ ಮೊದಲು ನಡೆಯುವ ಚರ್ಚೆಯನ್ನು ತುಸು ಗಮನವಿಟ್ಟು ಕೇಳಬೇಕು. ಯಾವ ಚಾಲಕ, ಯಾವ ಬಂಡಿ, ಯಾವ ಗಾಲಿ ಎಂಬುದರ ಮೇಲೆ ಆ ಮಕ್ಕಳು ನಡೆಸುವ ವಾದ-ವಿವಾದವು ನಮ್ಮ ಬ್ಯಾಂಕಿನ ಸಾಲ ಮಂಜೂರಾತಿ ಸಮಿತಿಯ ಸಭೆಗಿಂತ ಏನೂ ಕಡಿಮೆಯದಲ್ಲ.

ಆ ವಾದದ ಕೇಂದ್ರದಲ್ಲಿರುವುದು ಪರದೆಯ ಮೇಲೆ ಮೂಡುವ ಕೆಲವು ಅಡ್ಡಪಟ್ಟಿಗಳು. ವೇಗ, ವೇಗೋತ್ಕರ್ಷ, ತೂಕ, ತಿರುವಿನ ಹದ, ಹಿಡಿತ ಎಂಬ ಐದು ಗುಣಗಳನ್ನು ಅವು ಅಳತೆ ಮಾಡಿ ತೋರಿಸುತ್ತವೆ. ಈ ಪಟ್ಟಿಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ, ಮನೆಯ ಹಿರಿಯರು ಇದನ್ನು ತಿಳಿದುಕೊಳ್ಳುವುದರಿಂದ ಏನು ಪ್ರಯೋಜನ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ. ಉದಾಹರಣೆಗಾಗಿ ಈ ಬಗೆಯ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದ, ಜಪಾನಿನ ನಿಂಟೆಂಡೊ ಸಂಸ್ಥೆಯ 'ಮಾರಿಯೋ ಕಾರ್ಟ್' ಮಾಲಿಕೆಯನ್ನು ಆರಿಸಿಕೊಂಡಿದ್ದೇವೆ.

ನಿಜವಾದ ಕಾರ್ಟಿನಿಂದ ಆಟದ ಕಾರ್ಟಿಗೆ

ಕಾರ್ಟ್ ಎಂಬುದು ಮೊದಲಿಗೆ ಆಟಿಕೆಯಲ್ಲ, ನಿಜವಾದ ವಾಹನವೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಎಂಬವರು 1956ರಲ್ಲಿ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾದ ಸಣ್ಣ ಎಂಜಿನನ್ನು ಕೊಳವೆಗಳ ಚೌಕಟ್ಟಿಗೆ ಜೋಡಿಸಿ ಮೊದಲ ಕಾರ್ಟನ್ನು ನಿರ್ಮಿಸಿದರು. ನೆಲಕ್ಕೆ ತಾಗುವಂತಿರುವ ಆಸನ, ಪುಟ್ಟ ಗಾಲಿಗಳು, ಮೇಲೆ ಮುಚ್ಚಿಗೆಯಿಲ್ಲ, ಕುಲುಕಾಟವನ್ನು ತಡೆಯುವ ಸ್ಪ್ರಿಂಗುಗಳೂ ಇಲ್ಲ. ಇಂದು ಫಾರ್ಮುಲಾ ಒನ್ ಸ್ಪರ್ಧೆಗೆ ಏರುವ ಚಾಲಕರಲ್ಲಿ ಬಹುಪಾಲು ಜನ ಬಾಲ್ಯದಲ್ಲಿ ಇಂಥ ಬಂಡಿಗಳಲ್ಲೇ ಓನಾಮ ಕಲಿತವರು.

ನಿಜವಾದ ಕಾರ್ಟಿನಲ್ಲೂ ಒಂದು ಕೊಡು-ಕೊಳ್ಳುವಿಕೆ ಇದೆ. ಎಂಜಿನ್ನಿನ ಶಕ್ತಿಯನ್ನು ಸರಪಣಿಯ ಮೂಲಕ ಹಿಂದಿನ ಅಚ್ಚಿಗೆ ಒಯ್ಯುವ ಹಲ್ಲುಚಕ್ರವನ್ನು ದೊಡ್ಡದು ಮಾಡಿದರೆ ಬಂಡಿ ಥಟ್ಟನೆ ಮುಂದಕ್ಕೆ ಚಿಮ್ಮುತ್ತದೆ, ಆದರೆ ಅದರ ಗರಿಷ್ಠ ವೇಗ ತಗ್ಗುತ್ತದೆ. ಚಕ್ರವನ್ನು ಚಿಕ್ಕದು ಮಾಡಿದರೆ ಗರಿಷ್ಠ ವೇಗ ಹೆಚ್ಚುತ್ತದೆ, ಆದರೆ ಅಲ್ಲಿಗೆ ತಲುಪಲು ಸಮಯ ಹಿಡಿಯುತ್ತದೆ. ಗೇರ್ ಇರುವ ಸೈಕಲ್ಲನ್ನು ತುಳಿದವರೆಲ್ಲ ಇದನ್ನು ಕಾಲಿನಿಂದಲೇ ಬಲ್ಲರು. ಆಟವನ್ನು ರೂಪಿಸಿದವರು ತಮ್ಮ ಲೆಕ್ಕಾಚಾರಕ್ಕೆ ಅಡಿಪಾಯವಾಗಿ ಇಟ್ಟುಕೊಂಡದ್ದು ಇದೇ ಸತ್ಯವನ್ನು.

'ಸೂಪರ್ ಮಾರಿಯೋ ಕಾರ್ಟ್' ಜಪಾನಿನಲ್ಲಿ ಬಿಡುಗಡೆಯಾದದ್ದು 1992ರ ಆಗಸ್ಟ್ ತಿಂಗಳಿನಲ್ಲಿ. ಶಿಗೆರು ಮಿಯಾಮೊಟೊ ಅದರ ನಿರ್ಮಾಪಕರು. ತದಾಶಿ ಸುಗಿಯಾಮ ಮತ್ತು ಹಿದೆಕಿ ಕೊನ್ನೊ ನಿರ್ದೇಶಕರು. ಅದರಲ್ಲಿ ಎಂಟು ಮಂದಿ ಚಾಲಕರಿದ್ದರು. ಎಂಟು ಮುಖಗಳಿದ್ದರೂ ಗುಣಗಳಿದ್ದದ್ದು ನಾಲ್ಕೇ ಬಗೆ. ಮಾರಿಯೋ ಮತ್ತು ಲುಯಿಜಿ ಸಮತೋಲದವರು; ರಾಜಕುಮಾರಿ ಪೀಚ್ ಮತ್ತು ಯೋಶಿ ಬೇಗನೆ ವೇಗ ಪಡೆಯುವವರು; ಬೌಸರ್ ಮತ್ತು ಡಾಂಕಿ ಕಾಂಗ್ ಜೂನಿಯರ್ ಗರಿಷ್ಠ ವೇಗದ ಭಾರಿ ಕುಳಗಳು; ಕೂಪಾ ಮತ್ತು ಟೋಡ್ ತಿರುವುಗಳಲ್ಲಿ ಹೇಳಿದಂತೆ ಕೇಳುವವರು. ಪ್ರತಿ ಜೋಡಿಗೂ ಒಂದು ಬಲ, ಅದಕ್ಕೆ ತಕ್ಕಂತೆ ಒಂದು ದೌರ್ಬಲ್ಯ. ಮೂರು ದಶಕಗಳು ಕಳೆದರೂ ಈ ತಳಹದಿ ಬದಲಾಗಿಲ್ಲ.

ಐದು ಪಟ್ಟಿಗಳ ಅರ್ಥ

2014ರಲ್ಲಿ ಬಂದ 'ಮಾರಿಯೋ ಕಾರ್ಟ್ 8' ಮತ್ತು ಅದರ ಪರಿಷ್ಕೃತ ರೂಪವಾಗಿ 2017ರಲ್ಲಿ ಸ್ವಿಚ್ ಯಂತ್ರಕ್ಕೆ ಬಂದ 'ಮಾರಿಯೋ ಕಾರ್ಟ್ 8 ಡಿಲಕ್ಸ್' ಆಟಗಳಲ್ಲಿ ಕಾಣುವ ಐದು ಪಟ್ಟಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ವೇಗ. ಇದು ಬಂಡಿಯು ತಲುಪಬಲ್ಲ ಗರಿಷ್ಠ ವೇಗವೇ ಹೊರತು, ಓಟದುದ್ದಕ್ಕೂ ಅದು ಓಡುವ ವೇಗವಲ್ಲ. ಈ ವ್ಯತ್ಯಾಸವನ್ನು ಮರೆತವರು ಪಟ್ಟಿಯನ್ನು ನೋಡಿ ಮೋಸಹೋಗುತ್ತಾರೆ.

ಎರಡನೆಯದು ವೇಗೋತ್ಕರ್ಷ. ನಿಂತಲ್ಲಿಂದ, ಇಲ್ಲವೇ ಪೆಟ್ಟು ತಿಂದು ತಿರುಗಿಬಿದ್ದ ಜಾಗದಿಂದ, ಮತ್ತೆ ಗರಿಷ್ಠ ವೇಗಕ್ಕೆ ಎಷ್ಟು ಬೇಗ ಬರುತ್ತದೆ ಎಂಬುದರ ಅಳತೆ ಇದು.

ಮೂರನೆಯದು ತೂಕ. ಎರಡು ಬಂಡಿಗಳು ಪರಸ್ಪರ ತಾಗಿದಾಗ ಯಾರು ಯಾರನ್ನು ತಳ್ಳುತ್ತಾರೆ ಎಂಬುದನ್ನು ಇದು ನಿರ್ಧರಿಸುತ್ತದೆ. ಬೌಸರನಂಥ ಭಾರಿ ಚಾಲಕನಿಗೆ ಆನೆ ನಡೆದದ್ದೇ ದಾರಿ. ಶಿಶು ಮಾರಿಯೋನಂಥ ಹಗುರ ಚಾಲಕ ಸೇತುವೆಯ ಅಂಚಿನಲ್ಲಿದ್ದರೆ ಒಂದು ತಳ್ಳಿಗೆ ಕೆಳಗೆ ಬೀಳುತ್ತಾನೆ.

ನಾಲ್ಕನೆಯದು ತಿರುವಿನ ಹದ. ಚುಕ್ಕಾಣಿಗೆ ಬಂಡಿ ಎಷ್ಟು ವಿಧೇಯವಾಗಿದೆ, ಎಷ್ಟು ಬಿಗಿಯಾಗಿ ತಿರುಗಬಲ್ಲದು ಎಂಬುದು ಇದರ ತಾತ್ಪರ್ಯ. ಹದ ಹೆಚ್ಚಿದ್ದ ಮಾತ್ರಕ್ಕೆ ಎಲ್ಲರಿಗೂ ಅನುಕೂಲವಲ್ಲ. ಹೊಸಬರು ಗುಂಡಿಯನ್ನು ಜೋರಾಗಿ ಒತ್ತಿ, ಅಗತ್ಯಕ್ಕಿಂತ ಹೆಚ್ಚು ತಿರುಗಿ ಗೋಡೆಗೆ ಬಡಿಯುವುದೂ ಉಂಟು.

ಐದನೆಯದು ಹಿಡಿತ. ರಸ್ತೆ ಬಿಟ್ಟು ಹುಲ್ಲಿಗೋ ಮರಳಿಗೋ ಇಳಿದಾಗ, ಜಾರುವ ಮಂಜಿನ ಮೇಲೆ ಓಡುವಾಗ ಗಾಲಿಯು ನೆಲವನ್ನು ಎಷ್ಟು ಕಚ್ಚಿಕೊಂಡಿರುತ್ತದೆ ಎಂಬ ಲೆಕ್ಕ. ಅಚ್ಚುಕಟ್ಟಾದ ರಸ್ತೆಯಲ್ಲಿ ಇದರ ಉಪಯೋಗ ಹೆಚ್ಚು ಕಾಣದು. ದಾರಿ ತಪ್ಪುವವರಿಗೆ ಇದು ಆಪದ್ಬಾಂಧವ.

ಸಾಮಾನ್ಯವಾಗಿ ಭಾರಿ ಚಾಲಕರಿಗೆ ವೇಗ ಹೆಚ್ಚು, ವೇಗೋತ್ಕರ್ಷ ಮತ್ತು ತಿರುವಿನ ಹದ ಕಡಿಮೆ. ಹಗುರ ಚಾಲಕರದು ಇದಕ್ಕೆ ತದ್ವಿರುದ್ಧ. ನಡುವಿನವರು ನಡುವೆಯೇ ಇರುತ್ತಾರೆ.

ವೇಗವೋ, ವೇಗೋತ್ಕರ್ಷವೋ?

ಹೆಚ್ಚಿನ ಮನೆಗಳಲ್ಲಿ ಜಗಳವೇಳುವುದು ಇಲ್ಲಿ. "ವೇಗ ಹೆಚ್ಚಿದ್ದ ಬಂಡಿಯೇ ಗೆಲ್ಲಬೇಕಲ್ಲ?" ಎಂಬ ಪ್ರಶ್ನೆಗೆ ಒಂದು ಸರಳ ಲೆಕ್ಕದಿಂದ ಉತ್ತರ ಕಂಡುಕೊಳ್ಳಬಹುದು. ಈ ಅಂಕಿಗಳು ಯಾವ ಆಟದವೂ ಅಲ್ಲ, ತಿಳಿವಳಿಕೆಗಾಗಿ ನಾವು ಕಲ್ಪಿಸಿಕೊಂಡವು.

ಓಟದ ಉದ್ದ 3000 ಮೀಟರ್ ಎಂದುಕೊಳ್ಳೋಣ. ಮೊದಲ ಬಂಡಿಯ ಗರಿಷ್ಠ ವೇಗ ಸೆಕೆಂಡಿಗೆ 30 ಮೀಟರ್. ಅಲ್ಲಿಗೆ ತಲುಪಲು ಅದಕ್ಕೆ 10 ಸೆಕೆಂಡು ಬೇಕು. ಎರಡನೆಯದರ ಗರಿಷ್ಠ ವೇಗ ಸೆಕೆಂಡಿಗೆ 29 ಮೀಟರ್. ಆದರೆ ಅಲ್ಲಿಗೆ 5 ಸೆಕೆಂಡಿನಲ್ಲೇ ತಲುಪುತ್ತದೆ. ವೇಗವು ಸಮನಾಗಿ ಏರುತ್ತದೆ ಎಂದಿಟ್ಟುಕೊಂಡರೆ, ನಿಂತಲ್ಲಿಂದ ಹೊರಡುವ ಪ್ರತಿ ಸಲವೂ ಏರಿಕೆಯ ಅವಧಿಯ ಅರ್ಧದಷ್ಟು ಸಮಯ ನಷ್ಟವಾಗುತ್ತದೆ. ಅಂದರೆ ಮೊದಲನೆಯದಕ್ಕೆ 5 ಸೆಕೆಂಡು, ಎರಡನೆಯದಕ್ಕೆ 2.5 ಸೆಕೆಂಡು.

ಎಲ್ಲಿಯೂ ಮುಗ್ಗರಿಸದೆ ಓಡಿದರೆ ಮೊದಲ ಬಂಡಿಗೆ ಒಟ್ಟು 105 ಸೆಕೆಂಡು, ಎರಡನೆಯದಕ್ಕೆ ಸುಮಾರು 106 ಸೆಕೆಂಡು ಬೇಕಾಗುತ್ತದೆ. ವೇಗದ ಬಂಡಿಯೇ ಗೆದ್ದಿತು. ಈಗ ಇಬ್ಬರೂ ನಡುದಾರಿಯಲ್ಲಿ ಒಂದೊಂದು ಸಲ ಪೆಟ್ಟು ತಿಂದು ಪೂರ್ತಿ ನಿಂತರು ಎನ್ನಿ. ಮೊದಲನೆಯದರ ಸಮಯ 110 ಸೆಕೆಂಡಿಗೆ ಏರುತ್ತದೆ, ಎರಡನೆಯದು ಸುಮಾರು 108.5 ಸೆಕೆಂಡಿನಲ್ಲಿ ಗುರಿ ಮುಟ್ಟುತ್ತದೆ. ಒಂದೇ ಒಂದು ಎಡವುವಿಕೆ ಫಲಿತಾಂಶವನ್ನು ತಿರುಗಿಸಿಬಿಟ್ಟಿತು!

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಗರಿಷ್ಠ ವೇಗವೆಂಬುದು ನಿಶ್ಚಿತ ಠೇವಣಿ. ಅವಧಿ ಪೂರ್ತಿ ಇಟ್ಟರೆ ಬಡ್ಡಿ ಹೆಚ್ಚು, ನಡುವೆ ಮುರಿದರೆ ನಷ್ಟ. ವೇಗೋತ್ಕರ್ಷವು ಉಳಿತಾಯ ಖಾತೆಯಂತೆ. ಬಡ್ಡಿ ತುಸು ಕಡಿಮೆಯಾದರೂ ಆಪತ್ಕಾಲಕ್ಕೆ ಕೈಗೆ ಸಿಗುತ್ತದೆ. ಮುಂಬಯಿಯ ಓದುಗರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಲೋಕಲ್ ಗಾಡಿಯನ್ನು ನೆನೆಯಬಹುದು. ಎರಡು ಮೂರು ನಿಮಿಷಕ್ಕೊಂದು ನಿಲ್ದಾಣ ಬರುವ ದಾರಿಯಲ್ಲಿ ಓಡುವ ಲೋಕಲ್ಲಿಗೆ ಥಟ್ಟನೆ ವೇಗ ಪಡೆಯುವ ಗುಣವೇ ಮುಖ್ಯ. ಬೆಂಗಳೂರಿಗೆ ಹೊರಡುವ ಉದ್ಯಾನ ಎಕ್ಸ್‌ಪ್ರೆಸ್ಸಿಗೆ ದೂರದವರೆಗೆ ಒಂದೇ ವೇಗವನ್ನು ಕಾಯ್ದುಕೊಂಡು ಹೋಗುವ ಗುಣ ಮುಖ್ಯ. ಕಾರ್ಟ್ ಪಂದ್ಯದಲ್ಲಿ ಹೊಸಬರ ಓಟ ಲೋಕಲ್ಲಿನ ಓಟ, ಪಳಗಿದವರದು ಎಕ್ಸ್‌ಪ್ರೆಸ್ಸಿನದು.

ಹೀಗಾಗಿ ಚಿಕ್ಕ ಮಕ್ಕಳಿಗೂ, ಹೊಸದಾಗಿ ಆಡಲು ಕೂರುವ ಅಜ್ಜ-ಅಜ್ಜಿಯರಿಗೂ ಹಗುರ ಚಾಲಕ ಮತ್ತು ವೇಗೋತ್ಕರ್ಷ ಹೆಚ್ಚಿರುವ ಬಂಡಿಯೇ ಲೇಸು. ಅವರು ಪದೇ ಪದೇ ಬೀಳುವುದು ಖಚಿತವಾದ್ದರಿಂದ, ಬಿದ್ದಲ್ಲಿಂದ ಬೇಗ ಏಳುವುದೇ ಅವರ ಬಂಡವಾಳ.

ಕೂಡುವ ಲೆಕ್ಕ

ಆರಂಭದ ಆಟಗಳಲ್ಲಿ ಚಾಲಕನನ್ನು ಆರಿಸಿದರೆ ಗುಣಗಳೆಲ್ಲ ತಾವಾಗಿ ನಿಗದಿಯಾಗುತ್ತಿದ್ದವು. 2011ರ 'ಮಾರಿಯೋ ಕಾರ್ಟ್ 7' ಈ ಪದ್ಧತಿಯನ್ನು ಬದಲಾಯಿಸಿ, ಬಂಡಿಯ ಬಿಡಿಭಾಗಗಳನ್ನೂ ಆಟಗಾರನೇ ಆರಿಸುವ ಅವಕಾಶ ನೀಡಿತು. 'ಮಾರಿಯೋ ಕಾರ್ಟ್ 8'ರಲ್ಲಿಯೂ ಅದೇ ಕ್ರಮ ಮುಂದುವರಿಯಿತು. ಚಾಲಕ, ಬಂಡಿಯ ಒಡಲು, ಗಾಲಿ, ಗಾಳಿಯಲ್ಲಿ ತೇಲಲು ಬೇಕಾದ ರೆಕ್ಕೆ ಎಂಬ ನಾಲ್ಕು ಆಯ್ಕೆಗಳಿವೆ. ಪ್ರತಿಯೊಂದಕ್ಕೂ ಪ್ರತಿ ಗುಣದಲ್ಲಿ ಇಷ್ಟಿಷ್ಟು ಅಂಕ. ನಾಲ್ಕರ ಅಂಕಗಳನ್ನು ಕೂಡಿದಾಗ ಬಂದ ಮೊತ್ತವೇ ಪರದೆಯ ಪಟ್ಟಿಯ ಉದ್ದವನ್ನು ನಿರ್ಧರಿಸುತ್ತದೆ. ಆಯ್ಕೆಯ ಪುಟದಲ್ಲಿ ಪ್ಲಸ್ ಗುಂಡಿಯನ್ನು ಒತ್ತಿದರೆ ಈ ಪಟ್ಟಿಗಳು ಕಾಣುತ್ತವೆ. ಹಲವರು ಆ ಗುಂಡಿಯನ್ನೇ ಒತ್ತದೆ, ಬಣ್ಣ ನೋಡಿ ಬಂಡಿ ಆರಿಸುತ್ತಾರೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಬೇರೆ ಬೇರೆ ರೂಪದ ಎಷ್ಟೋ ಬಿಡಿಭಾಗಗಳಿಗೆ ಒಂದೇ ಅಂಕಗಳಿವೆ. ಆದ್ದರಿಂದ ಮಗುವೊಂದು ಕರಡಿಯ ಮುಖದ ಬಂಡಿಯೇ ಬೇಕೆಂದು ಹಟ ಹಿಡಿದರೆ ಅದರಿಂದ ನಷ್ಟವೇ ಆಗಬೇಕೆಂದೇನೂ ಇಲ್ಲ. ಎರಡು, ಪ್ರತಿ ಭಾಗವೂ ಎಲ್ಲಿ ಕೊಡುತ್ತದೋ ಅಲ್ಲದೆ ಬೇರೆ ಕಡೆ ಕಿತ್ತುಕೊಳ್ಳುತ್ತದೆ. ನುಣುಪಾದ 'ಸ್ಲಿಕ್' ಗಾಲಿ ವೇಗವನ್ನು ಹೆಚ್ಚಿಸಿ ಹಿಡಿತವನ್ನು ಕಸಿದುಕೊಳ್ಳುತ್ತದೆ. ದೊಡ್ಡ 'ಮಾನ್‌ಸ್ಟರ್' ಗಾಲಿ ತೂಕ ಮತ್ತು ಹಿಡಿತಗಳನ್ನು ಕೊಟ್ಟು ತಿರುವಿನ ಹದವನ್ನು ಕೆಡಿಸುತ್ತದೆ. ಪುಟ್ಟ 'ರೋಲರ್' ಗಾಲಿ ವೇಗೋತ್ಕರ್ಷವನ್ನು ಕೊಟ್ಟು ಗರಿಷ್ಠ ವೇಗವನ್ನು ಇಳಿಸುತ್ತದೆ. ಎಲ್ಲ ಪಟ್ಟಿಗಳೂ ತುಂಬಿರುವ ಬಂಡಿಯನ್ನು ಕಟ್ಟಲು ಯಾರಿಗೂ ಸಾಧ್ಯವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯನ್ನು ಇಷ್ಟು ಮನದಟ್ಟಾಗುವಂತೆ ಕಲಿಸುವ ಆಟಗಳು ಹೆಚ್ಚಿಲ್ಲ. ಗೃಹಿಣಿಯು ತಿಂಗಳ ಸಂಬಳವನ್ನು ದಿನಸಿ, ಶಾಲೆಯ ಶುಲ್ಕ, ಮನೆಸಾಲದ ಕಂತುಗಳಲ್ಲಿ ಹಂಚುವಂತೆಯೇ ಇಲ್ಲಿ ಮಗು ಅಂಕಗಳನ್ನು ಹಂಚುತ್ತದೆ.

ಪಟ್ಟಿ ಹೇಳದ ಮಾತು

ಈಗ ಲೆಡ್ಜರಿನ ಮುಚ್ಚಿದ ಪುಟಗಳಿಗೆ ಬರೋಣ. ಐದು ಪಟ್ಟಿಗಳು ಕಾಣುತ್ತವೆ ನಿಜ. ಆದರೆ ಆಟದ ಒಳಗಿನ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚಿನ ಕಲಮುಗಳಿವೆ. ವೇಗವೆಂಬ ಒಂದು ಪಟ್ಟಿಯ ಹಿಂದೆ ನೆಲದ ಮೇಲಿನ ವೇಗ, ನೀರಿನೊಳಗಿನ ವೇಗ, ಗಾಳಿಯಲ್ಲಿನ ವೇಗ, ಗೋಡೆ ಚಾವಣಿಗಳ ಮೇಲೆ ಅಂಟಿಕೊಂಡು ಓಡುವಾಗಿನ ವೇಗ ಎಂಬ ನಾಲ್ಕು ಅಂಕಗಳಿವೆ. ತಿರುವಿನ ಹದಕ್ಕೂ ಹಾಗೆಯೇ ನಾಲ್ಕು. ನೆಲದ ಮೇಲೆ ಸಮನಾಗಿರುವ ಎರಡು ಬಂಡಿಗಳು ನೀರಿಗಿಳಿದೊಡನೆ ಬೇರೆ ಬೇರೆಯಾಗುವುದಕ್ಕೆ ಇದೇ ಕಾರಣ.

ಇವೆಲ್ಲಕ್ಕಿಂತ ಮುಖ್ಯವಾದ ಗುಪ್ತ ಗುಣವೆಂದರೆ 'ಮಿನಿ-ಟರ್ಬೊ'. ತಿರುವಿನಲ್ಲಿ ಬಂಡಿಯನ್ನು ಓರೆಯಾಗಿ ಜಾರಿಸುತ್ತ ಸಾಗಿದರೆ ಗಾಲಿಯಿಂದ ಕಿಡಿಗಳು ಹಾರುತ್ತವೆ. ಮೊದಲು ನೀಲಿ, ಆಮೇಲೆ ಕಿತ್ತಳೆ, ಡಿಲಕ್ಸ್ ಆವೃತ್ತಿಯಲ್ಲಿ ಕೊನೆಗೆ ನೇರಳೆ. ಆಗ ಗುಂಡಿಯನ್ನು ಬಿಟ್ಟರೆ ಬಂಡಿ ಕ್ಷಣಕಾಲ ತನ್ನ ಗರಿಷ್ಠ ವೇಗವನ್ನೂ ಮೀರಿ ಧಾವಿಸುತ್ತದೆ. ಕಿಡಿ ಎಷ್ಟು ಬೇಗ ಹುಟ್ಟುತ್ತದೆ, ಧಾವನೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಈ ಗುಪ್ತ ಅಂಕ ನಿರ್ಧರಿಸುತ್ತದೆ.

ಒಂದು ಸುತ್ತಿನಲ್ಲಿ ತಿರುವುಗಳು ಅನೇಕ. ಪ್ರತಿ ತಿರುವಿನಲ್ಲೂ ಈ ಚಿಕ್ಕ ಲಾಭ ಸೇರುತ್ತ ಹೋದರೆ, ಚಕ್ರಬಡ್ಡಿಯಂತೆ ಕಣ್ಣಿಗೆ ಬೀಳದೆಯೇ ದೊಡ್ಡ ಮೊತ್ತವಾಗುತ್ತದೆ. ಆದ್ದರಿಂದಲೇ ಪಳಗಿದ ಆಟಗಾರರಲ್ಲಿ ಬಹಳ ಮಂದಿ ವೇಗದ ಪಟ್ಟಿ ಉದ್ದವಾಗಿರುವ ಬಂಡಿಯನ್ನು ಬಿಟ್ಟು, ರೋಲರ್ ಗಾಲಿ ಜೋಡಿಸಿದ, ನೋಡಲು ಮಂದವೆನಿಸುವ ಬಂಡಿಯನ್ನು ಆರಿಸುತ್ತಾರೆ. ಪರದೆಯ ಅಂಕಿ ಕಡಿಮೆ, ಓಟದ ಫಲ ಹೆಚ್ಚು. ಸಾಲದ ಜಾಹೀರಾತಿನ ದೊಡ್ಡ ಅಕ್ಷರಗಳನ್ನು ಮಾತ್ರ ಓದಿ, ಕೆಳಗಿನ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕುವವರಿಗೆ ನಾವು ಬ್ಯಾಂಕಿನಲ್ಲಿ ಪ್ರತಿದಿನ ಹೇಳುವ ಬುದ್ಧಿಮಾತನ್ನು ಈ ಮಕ್ಕಳು ಆಟದಲ್ಲೇ ಅರಿತುಕೊಂಡಿದ್ದಾರೆ.

ಸಮತೋಲ ತಪ್ಪಿದಾಗ

ಈ ಲೆಕ್ಕವನ್ನು ರೂಪಿಸುವುದು ಸುಲಭದ ಕೆಲಸವಲ್ಲ. ಕೊಟ್ಟದ್ದಕ್ಕೆ ತಕ್ಕಷ್ಟು ಕಿತ್ತುಕೊಳ್ಳದಿದ್ದರೆ ಒಂದೇ ಬಂಡಿ ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. 2008ರ 'ಮಾರಿಯೋ ಕಾರ್ಟ್ ವೀ' ಆಟದಲ್ಲಿ ಹೀಗೆಯೇ ಆಯಿತು. ಆ ಆಟದಲ್ಲಿ ಮೊದಲ ಬಾರಿಗೆ ಬೈಕುಗಳು ಬಂದವು. ತಿರುವಿನಲ್ಲಿ ಕಾರ್ಟುಗಳಿಗೆ ಹೆಚ್ಚಿನ ಮಿನಿ-ಟರ್ಬೊ ದೊರೆಯುತ್ತಿತ್ತು. ಅದಕ್ಕೆ ಬದಲಾಗಿ ಬೈಕುಗಳು ನೇರ ರಸ್ತೆಯಲ್ಲಿ ಮುಂದಿನ ಗಾಲಿಯನ್ನು ಎತ್ತಿ ವೇಗ ಹೆಚ್ಚಿಸಿಕೊಳ್ಳಬಹುದಿತ್ತು. ಕಾಗದದ ಮೇಲೆ ಇದು ಸರಿಯಾದ ಹಂಚಿಕೆಯೇ. ಆದರೆ ಆಟಕ್ಕಿಳಿದಾಗ ಬೈಕಿನ ತಕ್ಕಡಿಯೇ ಕೆಳಗಿಳಿಯಿತು. ಫಂಕಿ ಕಾಂಗ್ ಎಂಬ ಚಾಲಕ ಮತ್ತು 'ಫ್ಲೇಮ್ ರನ್ನರ್' ಎಂಬ ಬೈಕಿನ ಜೋಡಿಯು ಅಂತರ್ಜಾಲದ ಪಂದ್ಯಗಳಲ್ಲಿ ಎತ್ತ ನೋಡಿದರೂ ಕಾಣತೊಡಗಿತು. ಹತ್ತಾರು ಆಯ್ಕೆಗಳಿದ್ದೂ ಆಯ್ಕೆಯೇ ಇಲ್ಲದ ಸ್ಥಿತಿ ಅದು.

ಈಗಿನ ಆಟಗಳಿಗೆ ಒಂದು ಅನುಕೂಲವಿದೆ. ಬಿಡುಗಡೆಯಾದ ಮೇಲೂ ಅಂತರ್ಜಾಲದ ಮೂಲಕ ಅಂಕಗಳನ್ನು ತಿದ್ದಬಹುದು. 'ಮಾರಿಯೋ ಕಾರ್ಟ್ 8 ಡಿಲಕ್ಸ್' ಬಂದು ಆರು ವರ್ಷಗಳಾದ ಬಳಿಕ, 2023ರಲ್ಲಿ, ಹೆಚ್ಚು ಬಳಕೆಯಾಗದ ಹಲವು ಚಾಲಕರ ಮತ್ತು ಬಿಡಿಭಾಗಗಳ ಗುಣಗಳನ್ನು ನಿಂಟೆಂಡೊ ಹೊಂದಿಸಿತು. ಪೆಟ್ಟು ತಿಂದ ನಂತರ ಮತ್ತೆ ಪೆಟ್ಟು ತಾಗದಂತೆ ಸಿಗುವ ರಕ್ಷಣೆಯ ಕಾಲಾವಕಾಶವನ್ನೂ ಕೆಲವರಿಗೆ ಹೆಚ್ಚಿಸಿತು. ಮೂಲೆಗುಂಪಾಗಿದ್ದವರನ್ನು ಮತ್ತೆ ಪಂಕ್ತಿಗೆ ಕರೆದಂತೆ ಎನ್ನಬಹುದು.

2025ರ ಜೂನ್ ತಿಂಗಳಿನಲ್ಲಿ ಸ್ವಿಚ್ 2 ಯಂತ್ರದೊಂದಿಗೆ ಬಂದ 'ಮಾರಿಯೋ ಕಾರ್ಟ್ ವರ್ಲ್ಡ್' ಬಿಡಿಭಾಗಗಳ ಜೋಡಣೆಯನ್ನು ಕೈಬಿಟ್ಟಿತು. ಈಗ ಚಾಲಕ ಮತ್ತು ವಾಹನ ಎಂಬ ಎರಡೇ ಆಯ್ಕೆಗಳು. ಒಮ್ಮೆಗೆ 24 ಮಂದಿ ಓಡುವ ಆ ಆಟದಲ್ಲಿ ರಸ್ತೆ, ಒರಟು ನೆಲ, ನೀರು ಇವುಗಳಲ್ಲಿ ಯಾವುದಕ್ಕೆ ವಾಹನ ಒಗ್ಗುತ್ತದೆ ಎಂಬುದನ್ನು ಪರದೆಯ ಮೇಲೆಯೇ ತೋರಿಸಲಾಗುತ್ತದೆ. ಮುಚ್ಚಿಟ್ಟ ಪುಟಗಳಲ್ಲಿ ಒಂದನ್ನಾದರೂ ತೆರೆದು ತೋರಿಸಿದ್ದು ಸ್ವಾಗತಾರ್ಹ.

ಅಂಕಗಳ ಆಚೆಗೆ

ಗುಣಪಟ್ಟಿಯೊಂದೇ ಗೆಲುವನ್ನು ನಿರ್ಧರಿಸುವುದಿಲ್ಲ. ದಾರಿಯಲ್ಲಿ ಬಿದ್ದಿರುವ ನಾಣ್ಯಗಳನ್ನು ಆಯ್ದುಕೊಂಡರೆ, 'ಮಾರಿಯೋ ಕಾರ್ಟ್ 8'ರಲ್ಲಿ ಹತ್ತರವರೆಗೆ, ಪ್ರತಿ ನಾಣ್ಯಕ್ಕೂ ಗರಿಷ್ಠ ವೇಗ ತುಸು ಏರುತ್ತದೆ. ಪೆಟ್ಟು ತಿಂದರೆ ಕೆಲವು ನಾಣ್ಯಗಳು ಚೆಲ್ಲಿಹೋಗುತ್ತವೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ತುಸು ಹೊತ್ತು ಓಡಿದರೆ ಗಾಳಿಯ ತಡೆ ತಪ್ಪಿ ಮುಂದೆ ಚಿಮ್ಮಬಹುದು. ಓಟದ ಆರಂಭದಲ್ಲಿ ಪರದೆಯ ಮೇಲೆ 2 ಎಂಬ ಅಂಕಿ ಮೂಡುವಾಗ ವೇಗದ ಗುಂಡಿಯನ್ನು ಒತ್ತಿ ಹಿಡಿದವರಿಗೆ ಜಿಗಿತದ ಆರಂಭ ಸಿಗುತ್ತದೆ. ಇವು ಯಾವುದಕ್ಕೂ ಬಂಡಿಯ ಅಂಕಗಳ ಹಂಗಿಲ್ಲ, ಅಭ್ಯಾಸವೇ ಬೇಕು.

ಎಂಜಿನ್ನಿನ ಶಕ್ತಿಯನ್ನು ಸೂಚಿಸುವ 50, 100, 150 ಸಿಸಿ ಎಂಬ ವರ್ಗಗಳು ಎಲ್ಲರಿಗೂ ಸಮಾನವಾಗಿ ಅನ್ವಯಿಸುತ್ತವೆ. 2015ರಲ್ಲಿ 'ಮಾರಿಯೋ ಕಾರ್ಟ್ 8'ಕ್ಕೆ ಸೇರಿದ 200 ಸಿಸಿ ವರ್ಗದಲ್ಲಿ ಬಂಡಿಗಳು ಎಷ್ಟು ವೇಗವಾಗಿ ಓಡುತ್ತವೆಂದರೆ ಅಲ್ಲಿ ಬ್ರೇಕ್ ಹಿಡಿಯುವ ಕಲೆಯೇ ಮುಖ್ಯವಾಗುತ್ತದೆ. ವೇಗಕ್ಕಿಂತ ತಿರುವಿನ ಹದದ ಬೆಲೆ ಅಲ್ಲಿ ಏರುತ್ತದೆ. ಗುಣದ ಮೌಲ್ಯವು ಸಂದರ್ಭವನ್ನು ಅವಲಂಬಿಸಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಮತ್ತೊಂದು ಅಂಶವಿದೆ. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗಳಿಂದ ಸಿಗುವ ಸಾಮಗ್ರಿ ಎಲ್ಲರಿಗೂ ಒಂದೇ ಬಗೆಯದಲ್ಲ. ಮುಂದಿರುವವನಿಗೆ ಬಾಳೆಸಿಪ್ಪೆಯೋ ನಾಣ್ಯವೋ ದೊರೆತರೆ, ತೀರ ಹಿಂದುಳಿದವನಿಗೆ ದಾರಿಯುದ್ದಕ್ಕೂ ತಾನೇ ಹೊತ್ತೊಯ್ಯುವ ಗುಂಡಿನಂಥ ಬಲಿಷ್ಠ ಸಾಧನ ದೊರೆಯುತ್ತದೆ. 1996ರ 'ಮಾರಿಯೋ ಕಾರ್ಟ್ 64'ರಲ್ಲಿ ಕಾಣಿಸಿಕೊಂಡ ನೀಲಿ ಚಿಪ್ಪು ಮೊದಲ ಸ್ಥಾನದವನನ್ನೇ ಹುಡುಕಿಕೊಂಡು ಹೋಗಿ ಬಡಿಯುತ್ತದೆ. ಇದು ಅನ್ಯಾಯವೆಂದು ಪಳಗಿದವರು ಗೊಣಗುವುದುಂಟು. ಆದರೆ ಏಳು ವರ್ಷದ ಮೊಮ್ಮಗಳು, ಹದಿನೈದರ ಅಣ್ಣ, ಐವತ್ತು ದಾಟಿದ ದೊಡ್ಡಪ್ಪ ಒಂದೇ ಜಮಖಾನೆಯ ಮೇಲೆ ಕುಳಿತು ಆಡುವಂತಾದದ್ದು ಈ ಏರ್ಪಾಡಿನಿಂದಲೇ. ಡಿಲಕ್ಸ್ ಆವೃತ್ತಿಯಲ್ಲಂತೂ ಬಂಡಿ ರಸ್ತೆ ಬಿಟ್ಟು ಹೋಗದಂತೆ ತಡೆಯುವ, ಗುಂಡಿ ಒತ್ತದೆಯೇ ಓಡಿಸುವ ಸೌಕರ್ಯಗಳೂ ಇವೆ. ಬೆರಳು ನಡುಗುವ ಅಜ್ಜಿಯೂ ಪಂದ್ಯದಿಂದ ಹೊರಗುಳಿಯಬೇಕಾಗಿಲ್ಲ.

ಮನೆಯ ಮಟ್ಟದ ಆಟದಲ್ಲಿ ಬಂಡಿ ಬಂಡಿಗಳ ನಡುವಿನ ಅಂತರಕ್ಕಿಂತ ಕೈ ಕೈಗಳ ನಡುವಿನ ಅಂತರವೇ ದೊಡ್ಡದು. ಸೋತ ಪ್ರತಿ ಸಲ ಬಂಡಿಯನ್ನು ಬದಲಿಸುವ ಮಗುವಿಗೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಗುನಗುತ್ತ ನೆನಪಿಸಬಹುದು.

ಅಂಕ ಮಾರಾಟಕ್ಕಿಟ್ಟಾಗ

ಇಷ್ಟೂ ವಿವರಿಸಿದ ಮೇಲೆ ಮನೆಯ ಯಜಮಾನರು ಅವಶ್ಯ ಗಮನಿಸಬೇಕಾದ ವಿಷಯಕ್ಕೆ ಬರುತ್ತೇವೆ. ಇಲ್ಲಿಯವರೆಗೆ ಹೇಳಿದ ಆಟಗಳಲ್ಲಿ ಆಟವನ್ನು ಕೊಂಡ ಮೇಲೆ ಎಲ್ಲರ ಮುಂದೆಯೂ ಒಂದೇ ತಕ್ಕಡಿ. ವೇಗ ಬೇಕೆಂದರೆ ವೇಗೋತ್ಕರ್ಷವನ್ನು ಬಿಟ್ಟುಕೊಡಬೇಕು, ಹಣ ಕೊಟ್ಟು ಎರಡನ್ನೂ ಪಡೆಯಲಾಗದು. ಮೊಬೈಲಿನ ಆಟಗಳಲ್ಲಿ ಎಲ್ಲ ಕಡೆಯೂ ಈ ನಿಯಮವಿಲ್ಲ.

2019ರ ಸೆಪ್ಟೆಂಬರಿನಲ್ಲಿ ಮೊಬೈಲಿಗೆ ಬಂದ 'ಮಾರಿಯೋ ಕಾರ್ಟ್ ಟೂರ್' ಇದಕ್ಕೆ ಉದಾಹರಣೆ. ಅದರಲ್ಲಿ ಗುರಿ ಮುಟ್ಟಿದ ಸ್ಥಾನದ ಜತೆಗೆ ಗಳಿಸಿದ ಅಂಕಗಳ ಮೇಲೆ ಶ್ರೇಯಾಂಕ ನಿಂತಿದೆ. ಯಾವ ಓಟದ ದಾರಿಗೆ ಯಾವ ಚಾಲಕ ಮತ್ತು ಬಂಡಿ ಒಗ್ಗುತ್ತವೆ ಎಂಬುದು ಮೊದಲೇ ನಿಗದಿ. ಒಗ್ಗುವ ಚಾಲಕನಿಗೆ ಪೆಟ್ಟಿಗೆಯಿಂದ ಒಮ್ಮೆಗೆ ಹೆಚ್ಚು ಸಾಮಗ್ರಿಗಳು ದೊರೆಯುತ್ತವೆ. ಆ ಚಾಲಕ ನಿಮ್ಮ ಬಳಿ ಇಲ್ಲದಿದ್ದರೆ? ಆಟದೊಳಗಿನ ಮಾಣಿಕ್ಯಗಳನ್ನು ಖರ್ಚು ಮಾಡಿ ಒಂದು ಕೊಳವೆಯನ್ನು ಸಿಡಿಸಬೇಕಿತ್ತು. ಅದರಿಂದ ಯಾರು ಹೊರಬರುತ್ತಾರೆಂಬುದು ಅದೃಷ್ಟದ ಮಾತು. ಮಾಣಿಕ್ಯಗಳು ಆಟವಾಡಿ ಅಷ್ಟಿಷ್ಟು ಸಿಗುತ್ತಿದ್ದವು, ನಿಜವಾದ ಹಣಕ್ಕೆ ಬೇಕಾದಷ್ಟು ಸಿಗುತ್ತಿದ್ದವು. ಲಾಟರಿಯನ್ನು ಹೋಲುವ ಈ ಪದ್ಧತಿಗೆ ವ್ಯಾಪಕ ಟೀಕೆ ಬಂದಿತ್ತು. 2022ರಲ್ಲಿ ಕೊಳವೆಯನ್ನು ತೆಗೆದುಹಾಕಿ, ಬೇಕಾದದ್ದನ್ನು ನೇರವಾಗಿ ಕೊಳ್ಳುವ ಅಂಗಡಿಯನ್ನು ಇಡಲಾಯಿತು. ಅದೃಷ್ಟದಾಟ ನಿಂತಿತು, ಮಾರಾಟ ಉಳಿಯಿತು.

ಎರಡು ಪದ್ಧತಿಗಳ ನಡುವಿನ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ನಮ್ಮ ಹೊಣೆ. ಒಂದರಲ್ಲಿ ಪ್ರತಿ ಜಮೆಗೂ ಎದುರಿನ ಪುಟದಲ್ಲಿ ಒಂದು ಖರ್ಚು ಇದೆ, ಆ ಖರ್ಚನ್ನು ಆಟಗಾರ ಆಟದಲ್ಲೇ ತೆರುತ್ತಾನೆ. ಇನ್ನೊಂದರಲ್ಲಿ ಜಮೆ ಮಗುವಿನ ಪರದೆಯ ಮೇಲೆ, ಖರ್ಚು ತಂದೆಯ ಖಾತೆಯಲ್ಲಿ. ಮೊದಲನೆಯದು ವಿವೇಚನೆಯನ್ನು ಬೆಳೆಸಿದರೆ, ಎರಡನೆಯದು ಕೊರತೆಯನ್ನು ಹಣದಿಂದ ಮುಚ್ಚುವ ಚಾಳಿಯನ್ನು ಬೆಳೆಸುತ್ತದೆ. ಆದ್ದರಿಂದ ಮಕ್ಕಳ ಕೈಗೆ ಮೊಬೈಲ್ ಕೊಡುವ ಮುನ್ನ ಕಾರ್ಡಿನ ವಿವರಗಳನ್ನು ಅದರಲ್ಲಿ ಉಳಿಸದಿರುವುದು, ಪ್ರತಿ ಖರೀದಿಗೂ ಗುಪ್ತಪದ ಕೇಳುವಂತೆ ಮಾಡಿಡುವುದು ಉಚಿತ. ತಿಂಗಳ ಖಾತೆ ವಿವರಣೆಯಲ್ಲಿ ಸಣ್ಣ ಸಣ್ಣ ಮೊತ್ತಗಳನ್ನೂ ಬಿಡದೆ ನೋಡಬೇಕು. ದೊಡ್ಡ ಮೊತ್ತ ಎಲ್ಲರ ಕಣ್ಣಿಗೂ ಬೀಳುತ್ತದೆ, ಮತ್ತೆ ಮತ್ತೆ ಹೋಗುವ ಚಿಲ್ಲರೆಯೇ ಖಾತೆಯನ್ನು ಬರಿದು ಮಾಡುವುದು.

ಮಾತಿಗೆ ಒಂದು ನೆಪ

ಕೊನೆಯದಾಗಿ ಒಂದು ಸಲಹೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಊಟ-ತಿಂಡಿಯ ಮಾತನ್ನು ಕನ್ನಡದಲ್ಲಿ ಆಡಿದರೂ, ತಮ್ಮ ಮನಸ್ಸಿಗೆ ಹಿಡಿಸಿದ ವಿಷಯ ಬಂದೊಡನೆ ಇಂಗ್ಲಿಷಿಗೋ ಹಿಂದಿಗೋ ಜಾರುತ್ತಾರೆ. ಆ ವಿಷಯಗಳಲ್ಲಿ ಹಿರಿಯರಿಗೆ ಪ್ರವೇಶವಿಲ್ಲವೆಂಬುದು ಅದಕ್ಕೆ ಒಂದು ಕಾರಣವಿರಬಹುದು. ವೇಗ, ತೂಕ, ತಿರುವು, ಹಿಡಿತ ಇವೆಲ್ಲ ನಮ್ಮ ಭಾಷೆಯಲ್ಲಿ ಎಂದಿನಿಂದಲೂ ಇರುವ ಮಾತುಗಳೇ. "ಈ ಗಾಲಿ ಹಾಕಿದರೆ ಹಿಡಿತ ಕಡಿಮೆಯಾಗುವುದಿಲ್ಲವೇನೋ ಮಗು?" ಎಂದು ಅಜ್ಜ ಕೇಳಿದರೆ, ಮೊಮ್ಮಗ ಆಟವನ್ನು ನಿಲ್ಲಿಸಿ ಒಮ್ಮೆ ಬೆರಗಿನಿಂದ ನೋಡಿಯಾನು, ಮರುಕ್ಷಣವೇ ತನಗೆ ತಿಳಿದಷ್ಟು ಕನ್ನಡದಲ್ಲಿ ಉತ್ತರ ಕೊಡಲು ತೊಡಗಿಯಾನು. ಮುಂದಿನ ಭಾನುವಾರ ಗದ್ದಲವೆಂದು ಒಳಕೋಣೆಗೆ ಹೋಗುವ ಬದಲು ಆ ಐದು ಪಟ್ಟಿಗಳ ಮುಂದೆ ಕುಳಿತು ನೋಡಿ. ಹಗುರ ಚಾಲಕನನ್ನೇ ಆರಿಸಿಕೊಳ್ಳಿ. ಮೊದಲ ಕೆಲವು ಪಂದ್ಯಗಳಲ್ಲಿ ಬೀಳುವುದು ನಾವೇ ತಾನೆ!